55 ರೂಪಾಯಿಯ ವಿಜಯಪುರ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಕಾಲ. ಎರಡು ದಿನ, ಎಂಟು ಊರು, ತಲೆಗೆ ಇಷ್ಟು ಸಾವಿರ ಎಂದು ಸೂಚನಾಫಲಕದಲ್ಲಿ ಬರೆದ ಮರುದಿನವೇ ತರಗತಿಯು ಎರಡು ಪಂಗಡವಾಗುತ್ತದೆ: ಹೆಸರು ಕೊಟ್ಟವರು, ಕೊಡದವರು. ಕೊಡದವರನ್ನು ವಿಚಾರಿಸಿದರೆ ‘ಬಸ್ಸಿನಲ್ಲಿ ವಾಂತಿಯಾಗುತ್ತದೆ ಸರ್’ ಎನ್ನುತ್ತಾರೆ, ‘ಮನೆಯಲ್ಲಿ ಮದುವೆಯಿದೆ’ ಎನ್ನುತ್ತಾರೆ. ಹಣವಿಲ್ಲವೆಂದು ಬಾಯಿಬಿಟ್ಟು ಹೇಳಿದ ಮಗುವನ್ನು ನನ್ನ ಸೇವಾವಧಿಯಲ್ಲಿ ಕಂಡದ್ದು ತೀರ ವಿರಳ. ಮುಂದೆ ಪರೀಕ್ಷೆಯಲ್ಲಿ ‘ನೀವು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ ಬಂದಾಗ ಈ ಮಕ್ಕಳೂ ಬರೆಯುತ್ತಾರೆ. ಗೆಳೆಯರ ಬಾಯಿಂದ ಕೇಳಿದ ಸಮುದ್ರವನ್ನು ತಾವೇ ಕಂಡಂತೆ ಬರೆಯುತ್ತಾರೆ. ಅಂಥ ಉತ್ತರಪತ್ರಿಕೆಗಳಿಗೆ ಅಂಕ ಹಾಕಿ ಹಾಕಿ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ತರಗತಿಯ ಎಲ್ಲರೂ ಬರಲಾಗದ ಪ್ರವಾಸವನ್ನು ಶಾಲೆಯು ಏರ್ಪಡಿಸಕೂಡದು.

‘ಅಗ್ಗದಲ್ಲಿ ಏನು ನೋಡಲು ಸಾಧ್ಯ?’ ಎಂಬ ಪ್ರಶ್ನೆ ಒಡನೆಯೇ ಬರುತ್ತದೆ. ಉತ್ತರವಾಗಿ ನಮ್ಮ ವಿಜಯಪುರವನ್ನೇ ತೆಗೆದುಕೊಳ್ಳೋಣ. ಪುರಾತತ್ವ ಇಲಾಖೆಯು 2018ರಲ್ಲಿ ಪರಿಷ್ಕರಿಸಿದ ದರದಂತೆ ಗೋಳಗುಮ್ಮಟಕ್ಕೆ 25 ರೂಪಾಯಿ, ಇಬ್ರಾಹಿಂ ರೋಜಾಕ್ಕೆ 25, ಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯಕ್ಕೆ 5. ಒಟ್ಟು 55 ರೂಪಾಯಿ. ಅದೂ ದೊಡ್ಡವರಿಗೆ ಮಾತ್ರ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವೇ ಉಚಿತ. ಬಾರಾ ಕಮಾನ, ಮಲಿಕ್-ಎ-ಮೈದಾನ್ ತೋಪು, ಜುಮ್ಮಾ ಮಸೀದಿ ಇವುಗಳಿಗೆ ಯಾರಿಗೂ ಚೀಟಿಯಿಲ್ಲ. ರೈಲು ನಿಲ್ದಾಣದಿಂದ ಗೋಳಗುಮ್ಮಟಕ್ಕೆ ನಡೆದೇ ಹೋಗಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡರೆ ಊಟದ ಚಿಂತೆಯೂ ತೀರಿತು. ಜಿಲ್ಲೆಯ ಯಾವುದೇ ಶಾಲೆಗೂ ಇದು ಒಂದೇ ದಿನದ, ಎಲ್ಲರ ಕೈಗೆಟುಕುವ ಪ್ರವಾಸ.

ಇನ್ನು ನೋಡಲು ಏನಿದೆ ಎಂಬ ಮಾತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲೆ, ನಡುವೆ ಒಂದೂ ಕಂಬವಿಲ್ಲದೆ, ಹೊರ ವ್ಯಾಸ ಸುಮಾರು 44 ಮೀಟರಿನ ಗುಮ್ಮಟ ನಿಂತಿದೆ. ಅಷ್ಟು ಭಾರವು ಗೋಡೆಯನ್ನು ಹೊರಕ್ಕೆ ತಳ್ಳದೆ ಹೇಗೆ ಇಳಿಯಿತು? ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳು ಚೌಕವನ್ನು ವೃತ್ತಕ್ಕೆ ಒಯ್ಯುವುದನ್ನು ಕೆಳಗೆ ನಿಂತು ತಲೆಯೆತ್ತಿ ನೋಡಿದ ಹುಡುಗನಿಗೆ ರೇಖಾಗಣಿತದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಬೆಳಗಿನ ಜನಸಂದಣಿ ಕಡಿಮೆಯಿರುವ ಹೊತ್ತಿನಲ್ಲಿ ಮೇಲಿನ ಮೊಗಸಾಲೆಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ಹತ್ತು ಗಂಟೆಯ ಕೂಗಾಟದಲ್ಲಿ ಅದು ಸಾಧ್ಯವಿಲ್ಲ.

ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವು 1892ರಲ್ಲಿ ಆರಂಭವಾದದ್ದು. ಬಹುತೇಕ ಪ್ರವಾಸಿಗಳು ಅದರ ಪಕ್ಕದಲ್ಲೇ ಹಾದು ಗುಮ್ಮಟಕ್ಕೆ ಓಡುತ್ತಾರೆ. ಅಲ್ಲಿ ಪಾರ್ಸಿ, ಅರಬ್ಬಿ ಶಾಸನಗಳ ಜೊತೆಗೆ ಕನ್ನಡ, ಸಂಸ್ಕೃತ ಶಾಸನಗಳಿವೆ. ಜೈನ ಮೂರ್ತಿಗಳಿವೆ, ಆಯುಧಗಳಿವೆ, ಚಿತ್ರಗಳಿವೆ. ಈ ಊರು ಒಬ್ಬರದೇ ಅಲ್ಲವೆಂಬುದನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಆ ಕಲ್ಲುಗಳು ಹೇಳುತ್ತವೆ. ಶುಕ್ರವಾರ ಅದಕ್ಕೆ ರಜೆಯೆಂಬುದನ್ನು ಮಾತ್ರ ಮರೆಯಬೇಡಿ. ಸಂಜೆಯನ್ನು ಇಬ್ರಾಹಿಂ ರೋಜಾಕ್ಕೆ ಮೀಸಲಿಡಿ. 1627ರಲ್ಲಿ ಗತಿಸಿದ, ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನ ಆ ಸಮಾಧಿಯ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂದರವಾಗಿ ಕೊರೆದಿದ್ದಾರೆ. ಬೆಳಕು ಆ ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ.

‘ಮಕ್ಕಳು ದೂರದ ಊರು, ಸಮುದ್ರ, ಅರಮನೆ ನೋಡುವುದು ಬೇಡವೇ?’ ಎಂದು ಕೆಲವರು ಕೇಳಿಯಾರು. ಖಂಡಿತ ನೋಡಲಿ. ಮೈಸೂರು ಕಂಡು ಬಂದ ಹುಡುಗನ ಕಣ್ಣಿನ ಹೊಳಪನ್ನು ನಾನೂ ಬಲ್ಲೆ. ಅನುಕೂಲವಿದ್ದ ಮನೆಯವರು ಬೇಸಿಗೆ ರಜೆಯಲ್ಲಿ ಕರೆದೊಯ್ಯಲಿ. ಶಾಲೆಯ ಹೆಸರಿನಲ್ಲಿ ಹೊರಡುವ ಬಸ್ಸಿಗೆ ಮಾತ್ರ ಬೇರೆ ನಿಯಮ ಇರಬೇಕೆಂಬುದು ನನ್ನ ವಾದ. ಅಲ್ಲದೆ ಎರಡು ದಿನದಲ್ಲಿ ಎಂಟು ಊರು ಸುತ್ತಿದ ಮಗು ಹೆಚ್ಚು ಹೊತ್ತು ನೋಡುವುದು ಮುಂದಿನ ಆಸನದ ಬೆನ್ನನ್ನು. ನಾಲ್ಕು ಸ್ಥಳಗಳನ್ನು ನಿಧಾನವಾಗಿ ನೋಡಿದ ಮಗು ಅವುಗಳನ್ನು ಇಪ್ಪತ್ತು ವರ್ಷ ನೆನಪಿನಲ್ಲಿಡುತ್ತದೆ.

ಅಗ್ಗದ ಪ್ರವಾಸಕ್ಕೆ ಒಂದು ಬೆಲೆಯುಂಟು. ಅದನ್ನು ತೆರಬೇಕಾದವರು ಶಿಕ್ಷಕರು. ಅವರು ಮೊದಲೇ ಒಮ್ಮೆ ಹೋಗಿ ನೋಡಿ ಬರಬೇಕು, ಎಲ್ಲಿ ನಿಲ್ಲಿಸಿ ಏನು ಹೇಳಬೇಕೆಂದು ಗೊತ್ತುಮಾಡಿಕೊಳ್ಳಬೇಕು, ಮಕ್ಕಳ ಕೈಗೆ ನಾಲ್ಕು ಪ್ರಶ್ನೆ ಕೊಟ್ಟು ಉತ್ತರ ಹುಡುಕಲು ಬಿಡಬೇಕು. ಸಿದ್ಧತೆಯಿಲ್ಲದೆ ಹೋದರೆ 55 ರೂಪಾಯಿಯೂ ದಂಡವೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ; ಅನೇಕರು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರಾಗಿದ್ದೀರಿ. ಈ ವರ್ಷ ಪಾಲಕರ ಸಭೆಯಲ್ಲಿ ಪ್ರವಾಸದ ಮಾತು ಬಂದಾಗ ಎಲ್ಲಿಗೆ, ಎಷ್ಟು ಹಣ ಎಂದು ಕೇಳುವ ಮೊದಲು, ಹೋದ ವರ್ಷ ಎಷ್ಟು ಮಕ್ಕಳು ಹೆಸರು ಕೊಟ್ಟಿರಲಿಲ್ಲ ಎಂದು ಒಮ್ಮೆ ವಿಚಾರಿಸಿ.