ಗುಣವಾಗದ ಕಾಯಿಲೆಗೆ ಎಂಥ ಆಸರೆ?

ಮಗುವನ್ನು ಶಾಲೆಗೆ ಸೇರಿಸುವ ಮುನ್ನ ತಂದೆ ತಾಯಿ ನಾಲ್ಕಾರು ಕಡೆ ವಿಚಾರಿಸುತ್ತಾರೆ. ಫಲಿತಾಂಶ ಹೇಗೆ, ಮೇಷ್ಟರು ಹೇಗೆ, ಕುಡಿಯುವ ನೀರು ಹೇಗೆ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಅದೇ ಮನೆಯ ಅಜ್ಜನಿಗೋ ಅಜ್ಜಿಗೋ ಕ್ಯಾನ್ಸರ್ ಬಲಿತು, ‘ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಡಾಕ್ಟರು ಹೇಳಿದ ದಿನ ವಿಚಾರಿಸುವ ಚೈತನ್ಯ ಯಾರಲ್ಲೂ ಉಳಿದಿರುವುದಿಲ್ಲ. ಯಾರೋ ಒಂದು ಹೆಸರು ಹೇಳುತ್ತಾರೆ, ಇನ್ಯಾರೋ ಒಂದು ಫೋನ್ ನಂಬರು ಕೊಡುತ್ತಾರೆ. ಆದದ್ದಾಗಲಿ ಎಂದು ಅಲ್ಲಿಗೆ ಸೇರಿಸಿಬಿಡುತ್ತಾರೆ.

ಆದರೆ ‘ಮಾಡುವಂಥದ್ದೇನೂ ಇಲ್ಲ’ ಎಂಬ ಮಾತೇ ತಪ್ಪು. ರೋಗ ಗುಣವಾಗದಿದ್ದರೂ ನೋವು, ವಾಂತಿ, ಉಬ್ಬಸ, ಹುಣ್ಣು, ನಿದ್ರೆಗೇಡು, ಭಯ ಇವುಗಳಿಗೆಲ್ಲ ಮಾಡುವುದು ಬೇಕಾದಷ್ಟಿದೆ. ಅದನ್ನೇ ಉಪಶಮನ ಆರೈಕೆ ಎನ್ನುತ್ತಾರೆ. ಬದುಕಿನ ಕೊನೆಯ ಹಂತದಲ್ಲಿ ಈ ಆರೈಕೆ ಕೊಡುವ ಸಂಸ್ಥೆಗೆ ಹಾಸ್ಪೈಸ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಇನ್ನೂ ಬಳಕೆಗೆ ಬಂದಿಲ್ಲ. ಜನ ‘ಸಾಯುವವರ ಆಸ್ಪತ್ರೆ’ ಎಂದು ಪಿಸುಗುಟ್ಟುವುದುಂಟು. ಆ ಪಿಸುಮಾತಿನಿಂದಾಗಿಯೇ ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗುವ ಹೊತ್ತಿಗೆ ಉಳಿದಿರುವುದು ನಾಲ್ಕೇ ದಿನ.

ಈಗಿನ ರೀತಿಯ ಹಾಸ್ಪೈಸಿಗೆ ತಳಪಾಯ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಹೀಗೆ ಮೂರು ವೃತ್ತಿಗಳನ್ನೂ ಕಲಿತ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಅದರ ಮೊದಲ ದೇಣಿಗೆ ಬಂದದ್ದು 1948ರಲ್ಲಿ, ಈಕೆ ನೋಡಿಕೊಳ್ಳುತ್ತಿದ್ದ ಪೋಲೆಂಡಿನ ಒಬ್ಬ ನಿರಾಶ್ರಿತ ಸಾಯುವಾಗ ಬಿಟ್ಟುಹೋದ 500 ಪೌಂಡ್. ನೋವು ಎಂದರೆ ಮೈಯ ನೋವು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲ ಸೇರಿದ್ದು ಎಂಬುದು ಸಾಂಡರ್ಸ್ ಕಲಿಸಿದ ಪಾಠ. ಭಾರತದಲ್ಲಿ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದರ ಹೆಸರು ಶಾಂತಿ ಅವೇದನಾ. ವೇದನೆ ಇಲ್ಲದ ಸ್ಥಿತಿ ಎಂಬ ಅರ್ಥ ಹೆಸರಿನಲ್ಲೇ ಇದೆ. ಬೆಂಗಳೂರಿನಲ್ಲಿ 1994ರಲ್ಲಿ ಹಾಸ್ಪೈಸ್ ಟ್ರಸ್ಟ್ ಸ್ಥಾಪನೆಯಾಗಿ, ಮೊದಲು ಮನೆಮನೆಗೆ ಹೋಗಿ ಆರೈಕೆ ಮಾಡಿ, 1999ರಲ್ಲಿ ಕರುಣಾಶ್ರಯದ ಕಟ್ಟಡ ರೋಗಿಗಳಿಗೆ ತೆರೆಯಿತು. ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ.

ಈಗ ದೊಡ್ಡ ಊರುಗಳಲ್ಲಿ ‘ಪ್ಯಾಲಿಯೇಟಿವ್’ ಎಂಬ ಪದ ಬೋರ್ಡಿನ ಮೇಲೆ ಧಾರಾಳವಾಗಿ ಕಾಣುತ್ತದೆ. ಕೆಲವು ವೃದ್ಧಾಶ್ರಮಗಳು, ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಗಳು, ಒಂದೆರಡು ಮಂಚ ಖಾಲಿ ಇರುವ ನರ್ಸಿಂಗ್ ಹೋಮುಗಳು ಇದನ್ನು ಬರೆಸಿಕೊಂಡಿವೆ. ಅವೆಲ್ಲ ಕೆಟ್ಟವೆಂದಲ್ಲ. ಆದರೆ ಬೋರ್ಡು ನೋಡಿ ನಂಬುವಂತಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಡಿ ನೋಂದಣಿ ಇದೆಯೇ ಎಂದು ಕೇಳಬೇಕು, ಸರಿ. ಆದರೆ ನೋಂದಣಿ ಪತ್ರ ಇರುವುದರಿಂದ ರೋಗಿಯ ನೋವು ಇಳಿಯುತ್ತದೆಂದು ಅರ್ಥವಲ್ಲ.

ಹಾಗಾದರೆ ಮೊದಲು ಕೇಳಬೇಕಾದ್ದೇನು? ‘ಬಾಯಿಯ ಮೂಲಕ ಕೊಡುವ ಮಾರ್ಫೀನ್ ಮಾತ್ರೆ ನಿಮ್ಮಲ್ಲಿ ಯಾವಾಗಲೂ ಇರುತ್ತದೆಯೆ?’ ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಸಂಸ್ಥೆಯ ಅರ್ಧ ಜಾತಕ ಸಿಕ್ಕಿಬಿಡುತ್ತದೆ.

ಇದಕ್ಕೆ ಕಾರಣವಿದೆ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫೀನ್ ಅಗ್ಗವಾದ, ಚೆನ್ನಾಗಿ ಪರೀಕ್ಷೆಗೊಳಗಾದ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಇದನ್ನು ಬಳಸುವ ಕ್ರಮವನ್ನು ತಿಳಿಸಿತು. ಅದನ್ನು ತಯಾರಿಸುವುದು ಅಫೀಮಿನಿಂದ. ಆ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ನಮ್ಮ ದೇಶದ ರೈತರೇ ಬೆಳೆಯುತ್ತಾರೆ. ಹೀಗಿದ್ದೂ 1985ರ ಮಾದಕ ದ್ರವ್ಯ ಕಾಯಿದೆ ಬಂದ ಮೇಲೆ ಪರವಾನಗಿಗಳ ಕಾಟ ಎಷ್ಟಾಯಿತೆಂದರೆ, 1997ರ ಹೊತ್ತಿಗೆ ದೇಶದಲ್ಲಿ ಔಷಧಿಯಾಗಿ ಮಾರ್ಫೀನ್ ಬಳಕೆ ಶೇಕಡ 97ರಷ್ಟು ಕುಸಿದಿತ್ತು. ಬಣವೆಯ ಪಕ್ಕದಲ್ಲೇ ದನ ಹಸಿದು ನಿಂತಂತೆ. ಒಂದು ತಲೆಮಾರಿನ ವೈದ್ಯರು ಮಾರ್ಫೀನ್ ಬರೆಯುವುದನ್ನು ಕಲಿಯದೆಯೇ ಕಾಲೇಜಿನಿಂದ ಹೊರಬಂದರು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಕಡೆಯ ಅನುಮತಿಯಿಂದ ಮಾರ್ಫೀನ್ ಇಟ್ಟುಕೊಳ್ಳಬಹುದು. ಆದ್ದರಿಂದ ‘ಅದೆಲ್ಲ ಸಿಗುವುದಿಲ್ಲ, ಲೈಸೆನ್ಸ್ ತೊಂದರೆ’ ಎಂದು ಹೇಳುವ ಹಾಸ್ಪೈಸ್ ತನ್ನ ಮುಖ್ಯ ಕೆಲಸಕ್ಕೇ ಸಿದ್ಧವಾಗಿಲ್ಲ ಎನ್ನಬೇಕು.

ಮಾತ್ರೆ ಇದ್ದರೆ ಸಾಲದು, ಕೊಡುವ ರೀತಿಯೂ ಸರಿಯಿರಬೇಕು. ಸಾಮಾನ್ಯ ಮಾರ್ಫೀನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ನೋವು ಮರಳುವ ಮೊದಲೇ ಗಡಿಯಾರ ನೋಡಿ ಕೊಡಬೇಕು, ರೋಗಿ ನರಳುವತನಕ ಕಾಯಬಾರದು. ಮಾರ್ಫೀನಿನಿಂದ ಮಲಬದ್ಧತೆ ಬಹುತೇಕ ಖಚಿತ. ಆದ್ದರಿಂದ ಮೊದಲ ದಿನದಿಂದಲೇ ಭೇದಿ ಔಷಧಿಯನ್ನೂ ಜತೆಗೆ ಕೊಡಬೇಕು. ‘ಮಲಬದ್ಧತೆಗೆ ಏನು ಕೊಡುತ್ತೀರಿ?’ ಎಂದು ಕೇಳಿದಾಗ ನರ್ಸ್ ತಡವರಿಸದೆ ಉತ್ತರಿಸಿದರೆ ಅಲ್ಲಿ ಕೆಲಸ ಗೊತ್ತಿರುವವರಿದ್ದಾರೆ. ‘ಚಟ ಹತ್ತುತ್ತದೆ’, ‘ಇದು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ’ ಎಂಬ ಎರಡು ಭಯಗಳು ಎಲ್ಲ ಮನೆಗಳಲ್ಲೂ ಇವೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟಾಗ ಇವೆರಡಕ್ಕೂ ಆಧಾರವಿಲ್ಲ. ಇದನ್ನು ಮನೆಯವರಿಗೆ ಕೂರಿಸಿಕೊಂಡು ತಿಳಿಹೇಳುವ ವ್ಯವಧಾನ ಡಾಕ್ಟರಿಗಿದೆಯೇ ಎಂಬುದನ್ನೂ ಗಮನಿಸಬೇಕು.

ಎರಡನೆಯ ಪರೀಕ್ಷೆಗೆ ಪ್ರಶ್ನೆಯೇ ಬೇಡ, ಮೂಗು ಸಾಕು. ಬಾಯಿ, ಸ್ತನ ಮುಂತಾದ ಕಡೆ ಕ್ಯಾನ್ಸರ್ ಒಡೆದು ಹುಣ್ಣಾದಾಗ ಬರುವ ದುರ್ವಾಸನೆ ಸಹಿಸಲಸಾಧ್ಯ. ಅದರಿಂದಾಗಿ ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ರೋಗಿ ಮುಖ ತಿರುಗಿಸಿ ಮಲಗಿಬಿಡುತ್ತಾರೆ. ಆದರೆ ಮೆಟ್ರೊನಿಡಜೋಲ್ ಎಂಬ ಸಾಮಾನ್ಯ ಮಾತ್ರೆಯ ಪುಡಿಯನ್ನು ಹುಣ್ಣಿನ ಮೇಲೆ ಹಾಕಿ ದಿನವೂ ಶುಚಿ ಮಾಡಿದರೆ ಆ ವಾಸನೆಯನ್ನು ಬಹುಮಟ್ಟಿಗೆ ತಗ್ಗಿಸಬಹುದು. ಒಳ್ಳೆಯ ಹಾಸ್ಪೈಸಿನ ವಾರ್ಡಿನಲ್ಲಿ ಹುಣ್ಣಿನ ವಾಸನೆಯೂ ಇರುವುದಿಲ್ಲ, ಅದನ್ನು ಮುಚ್ಚಲು ಸುರಿದ ಫಿನಾಯಿಲಿನ ಘಾಟೂ ಇರುವುದಿಲ್ಲ. ಹಾಗೆಯೇ ರೋಗಿಗಳ ತುಟಿ, ಬಾಯಿ ನೋಡಿ: ಒಣಗಿ ಬಿರಿದಿವೆಯೆ, ತೇವವಾಗಿವೆಯೆ? ಮಗ್ಗುಲು ಬದಲಿಸಲಾಗದವರನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತಾರೆ, ಅದನ್ನು ಬರೆದಿಡುತ್ತಾರೆಯೆ? ನೆಲಕ್ಕೆ ಹಾಸಿದ ಅಮೃತಶಿಲೆಗಿಂತ ಇವು ಮುಖ್ಯ.

ನೋಡಲು ಹೋಗುವುದಾದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಕಡೆಯೂ ಎಲ್ಲ ಚೆನ್ನಾಗಿಯೇ ಇರುತ್ತದೆ. ರಾತ್ರಿ ಎಂಟರ ಮೇಲೆ, ಸಾಧ್ಯವಾದರೆ ಭಾನುವಾರ ಹೋಗಿ. ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸ್ ಇದ್ದಾರೆಯೆ, ಇಲ್ಲ ಆಯಾ ಒಬ್ಬರೇ ಇದ್ದಾರೆಯೆ? ನೋವು ಹೆಚ್ಚಾದರೆ ಅವರು ಯಾರನ್ನು ಕರೆಯುತ್ತಾರೆ? ಮನೆಗೇ ಬಂದು ನೋಡುವ ಸೇವೆಯಾದರೆ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರಾರು ಎಂದು ಹೆಸರು ಹಿಡಿದು ಕೇಳಿ.

ಅಮೆರಿಕದಲ್ಲಿ ಈ ವಿಷಯಕ್ಕೆ ಅಳತೆಗೋಲುಗಳನ್ನೇ ಮಾಡಿಟ್ಟಿದ್ದಾರೆ. ಅಲ್ಲಿ ಮೆಡಿಕೇರ್ ವಿಮೆ 1982ರ ಕಾನೂನಿನಿಂದ ಹಾಸ್ಪೈಸಿಗೆ ಹಣ ಕೊಡತೊಡಗಿತು. ಹಣ ಬಂದಲ್ಲಿ ಲಾಭಕ್ಕಾಗಿ ನಡೆಸುವವರೂ ಬಂದರು. ಸರ್ಕಾರದ ತನಿಖಾ ವಿಭಾಗ 2019ರಲ್ಲಿ ಪ್ರಕಟಿಸಿದ ವರದಿಯಂತೆ, 2012ರಿಂದ 2016ರವರೆಗೆ ತಪಾಸಣೆಯಾದ ಹಾಸ್ಪೈಸುಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವುಗಳಲ್ಲಿ ಒಂದಲ್ಲ ಒಂದು ಕೊರತೆ ಕಂಡುಬಂದಿತ್ತು. ಅಲ್ಲೀಗ ಸಾರ್ವಜನಿಕರಿಗೆ ತಿಳಿಸುವ ಅಳತೆಗಳಲ್ಲಿ ಒಂದು ಬಹಳ ಸರಳವಾದದ್ದು: ರೋಗಿಯ ಕೊನೆಯ ಮೂರು ದಿನಗಳಲ್ಲಿ ಕನಿಷ್ಠ ಎರಡು ದಿನ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದಾಗಿ ಬಂದಿದ್ದರೆ? ನಮ್ಮಲ್ಲಿ ಇಂಥ ಪಟ್ಟಿ ಪ್ರಕಟಿಸುವವರಿಲ್ಲ. ಆದರೆ ಇದೇ ಪ್ರಶ್ನೆಯನ್ನು ಮೊದಲು ಅಲ್ಲಿದ್ದವರ ಮನೆಯವರಿಗೆ ಕೇಳುವುದನ್ನು ಯಾರೂ ತಡೆದಿಲ್ಲ.

ಇನ್ನು ಮಕ್ಕಳ ವಿಷಯ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಕಾಯಿಲೆ ಬಂದಾಗ ದೊಡ್ಡವರು ಮಾಡುವ ಮೊದಲ ನಿರ್ಧಾರ ಒಂದೇ: ‘ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ.’ ಹುಡುಗನನ್ನು ಅತ್ತೆಯ ಮನೆಗೆ ಕಳಿಸುತ್ತಾರೆ. ಅಜ್ಜಿ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ ಎನ್ನುತ್ತಾರೆ. ಹುಡುಗನಿಗೆ ಫೋನಿನಲ್ಲಿ ಅಮ್ಮನ ದನಿ ಕೇಳಿದೊಡನೆಯೇ ಸುಳ್ಳು ಗೊತ್ತಾಗಿರುತ್ತದೆ. ಆದರೆ ಗೊತ್ತಾಯಿತೆಂದು ಹೇಳುವಂತಿಲ್ಲ. ಕೊನೆಯ ಪತ್ರಿಕೆ ಬರೆದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೆಣ್ಣುಮಗಳಾದರೆ ಕತೆ ಬೇರೆ: ಅವಳಿಗೆ ಎಲ್ಲ ಗೊತ್ತಿರುತ್ತದೆ, ಏಕೆಂದರೆ ರಾತ್ರಿ ಅಜ್ಜಿಯ ಪಕ್ಕ ಮಲಗಿ ಎಬ್ಬಿಸಿದಾಗಲೆಲ್ಲ ಏಳುವವಳು ಅವಳೇ. ಬೆಳಗ್ಗೆ ಏಳಕ್ಕೆ ಟ್ಯೂಷನ್ನಿಗೆ ಹೋಗುವವಳೂ ಅವಳೇ.

ಒಳ್ಳೆಯ ಹಾಸ್ಪೈಸ್ ಮೊದಲ ಭೇಟಿಯಲ್ಲೇ ‘ಮನೆಯಲ್ಲಿ ಯಾರ್ಯಾರಿದ್ದಾರೆ, ಓದುವ ಮಕ್ಕಳಿದ್ದಾರೆಯೆ, ಅವರಿಗೆ ಏನು ಹೇಳಿದ್ದೀರಿ?’ ಎಂದು ಕೇಳುತ್ತದೆ. ಕಾಯಿಲೆಯ ಹೆಸರು, ಹಣ, ಆಧಾರ್ ಕಾರ್ಡು ಇಷ್ಟನ್ನೇ ಕೇಳಿ ಫೈಲು ಮುಚ್ಚುವ ಕಡೆ ಈ ಭಾಗ ಖಾಲಿ ಎಂದೇ ತಿಳಿಯಬೇಕು. ಮಕ್ಕಳು ಬಂದು ನೋಡಬಹುದೆ, ಎಷ್ಟು ಹೊತ್ತಿಗೆ, ಮಂಚದ ಮೇಲೆ ಅಜ್ಜಿಯ ಪಕ್ಕ ಕೂರಬಹುದೆ ಎಂದು ವಿಚಾರಿಸಿ. ಮಕ್ಕಳೊಡನೆ ಮಾತಾಡಬಲ್ಲ ಸಮಾಜ ಕಾರ್ಯಕರ್ತರು ಅಥವಾ ಆಪ್ತ ಸಲಹೆಗಾರರು ಇದ್ದರೆ ತಂದೆ ತಾಯಿಯ ಅರ್ಧ ಭಾರ ಇಳಿದಂತೆ. ಪರೀಕ್ಷೆಯ ವಾರಗಳಲ್ಲಿ ಕೆಲವು ದಿನ ಮಾತ್ರ ರೋಗಿಯನ್ನು ಒಳಗೆ ಇಟ್ಟುಕೊಂಡು, ಮನೆಯವರಿಗೆ ಬಿಡುವು ಕೊಟ್ಟು ಮತ್ತೆ ಮನೆಗೆ ಕಳಿಸುವ ವ್ಯವಸ್ಥೆ ಇದೆಯೇ ಎಂದೂ ಕೇಳಬಹುದು. ಹಾಸ್ಪೈಸಿಗೆ ಸೇರಿಸಿದ ಮೇಲೆ ಮನೆಗೆ ಬರುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ.

ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಉಪಶಮನ ಆರೈಕೆ ಸೊಸೈಟಿಯ ಚಳವಳಿ ಬೆಳೆದಂತೆ, ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗತೊಡಗಿದರು; ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಸೇರಿದರು. ಹುಣ್ಣು ತೊಳೆಯುವುದು ನರ್ಸಿನ ಕೆಲಸವಾದರೆ, ಪತ್ರಿಕೆ ಓದಿ ಹೇಳುವುದು, ರೇಷನ್ ತಂದುಕೊಡುವುದು, ಆ ಮನೆಯ ಚಿಕ್ಕ ಹುಡುಗನಿಗೆ ಲೆಕ್ಕ ಹೇಳಿಕೊಡುವುದು ಇವರ ಕೆಲಸ. ಸ್ವಯಂಸೇವಕರು ದಿನವೂ ಬಂದುಹೋಗುವ ಸಂಸ್ಥೆಯ ಬಗ್ಗೆ ತುಸು ಹೆಚ್ಚು ಭರವಸೆ ಇಡಬಹುದು. ಹೊರಗಿನ ಕಣ್ಣುಗಳು ಓಡಾಡುವ ಕಡೆ ಉದಾಸೀನ ಬಹಳ ದಿನ ಅಡಗಿರದು.

ಊಟದ ಬಗ್ಗೆ ಒಂದು ಮಾತು. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಕಡಿಮೆಯಾಗುತ್ತದೆ. ಬಲವಂತವಾಗಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ತೊಂದರೆಯಾಗಬಹುದು. ಮನೆಯವರಿಗೆ ಇದು ಅರಗದ ಸಂಗತಿ: ಉಪವಾಸ ಕೆಡವಿದರು ಎಂಬ ಮಾತು ಬಂಧುಗಳಿಂದ ಬಂದೇ ಬರುತ್ತದೆ. ಮಗ ಕೇಳಿದನೆಂದು ಸುಮ್ಮನೆ ಡ್ರಿಪ್ ಹಾಕಿ ಬಿಲ್ಲು ಬೆಳೆಸುವವರೂ ಇದ್ದಾರೆ, ಹಾಕುವುದರಿಂದ ಏನಾಗುತ್ತದೆ ಏನಾಗುವುದಿಲ್ಲ ಎಂದು ವಿವರಿಸುವವರೂ ಇದ್ದಾರೆ. ಎರಡನೆಯವರನ್ನು ಆರಿಸಿಕೊಳ್ಳುವುದು ಲೇಸು.

ರೋಗಿಯ ಮಾತು ಕೇಳುವ ಅಭ್ಯಾಸ ಸಂಸ್ಥೆಗಿದೆಯೇ ಎಂಬುದನ್ನೂ ನೋಡಬೇಕು. ಗುಣವಾಗದ ಸ್ಥಿತಿಯಲ್ಲಿ ತನಗೆ ವೆಂಟಿಲೇಟರ್ ಮುಂತಾದವು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಂಥ ಪತ್ರ ತೋರಿಸಿದಾಗ ಹಾಸ್ಪೈಸಿನವರು ಕಕ್ಕಾಬಿಕ್ಕಿಯಾಗಬಾರದು.

ಹಣದ ವಿಷಯ ಚುಟುಕಾಗಿ: ದಿನದ ದರದಲ್ಲಿ ಏನೇನು ಸೇರಿದೆ, ಮುಂಗಡವೆಷ್ಟು, ಎರಡೇ ದಿನಕ್ಕೆ ಮುಗಿದರೆ ಉಳಿದದ್ದು ಹಿಂದಿರುಗುತ್ತದೆಯೆ, ಇದನ್ನೆಲ್ಲ ಬರಹದಲ್ಲಿ ಪಡೆಯಬೇಕು.

ಕೊನೆಯದು ಯಾರೂ ಮೊದಲೇ ಕೇಳಲಿಚ್ಛಿಸದ ಪ್ರಶ್ನೆ. ಮನೆಯಲ್ಲಿ ಆರೈಕೆ ನಡೆಯುತ್ತಿದ್ದು, ನಡುರಾತ್ರಿ ಪ್ರಾಣ ಹೋದರೆ ಸಾವಿನ ಕಾರಣದ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರು ಯಾರು? ಆಸ್ಪತ್ರೆಯ ಹೊರಗಿನ ಸಾವಿಗೆ ಇರುವುದು ನಮೂನೆ 4-ಎ. ರೋಗಿಯನ್ನು ನೋಡುತ್ತಿದ್ದ ಹಾಸ್ಪೈಸಿನ ಡಾಕ್ಟರು ಅದನ್ನು ಕೊಡುತ್ತಾರೆಂದರೆ ಬೆಳಗಿನ ಜಾವ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುವುದು ತಪ್ಪುತ್ತದೆ. ಹದಿಮೂರು ದಿನ ಕಳೆದ ಮೇಲೆ ಅದೇ ಸಂಸ್ಥೆಯಿಂದ ಒಬ್ಬರು ಫೋನ್ ಮಾಡಿ, ‘ಮನೆಯವರು ಹೇಗಿದ್ದೀರಿ, ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆಯೆ?’ ಎಂದು ಕೇಳುವುದುಂಟೆ ಎಂಬುದನ್ನು ಅಲ್ಲಿ ಮೊದಲು ಆರೈಕೆ ಪಡೆದವರ ಮನೆಯವರಿಂದ ತಿಳಿಯಬಹುದು.