ಸವಳಿನ ಲೆಕ್ಕ ಬರೆಯುವವರು ಯಾರು?

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಭೂಮಿ ಸವಳು-ಜವಳಿಗೆ ತುತ್ತಾಗಿದೆ ಎನ್ನುತ್ತಾರೆ ಕೃಷಿ ವಿಜ್ಞಾನಿಗಳು. ಬರ ಬಂದು ಹಾಳಾದ ನೆಲವಲ್ಲ ಇದು. ನೀರುಣಿಸಿಯೇ ಕೊಂದ ನೆಲ.

1953ರಲ್ಲಿ ಕಾಲುವೆಗೆ ನೀರು ಬಿಟ್ಟ ಕಾಲಕ್ಕೆ ಯೋಜನೆಯಲ್ಲಿದ್ದದ್ದು ಹೆಚ್ಚಾಗಿ ಮಿತ ನೀರಾವರಿ: ಜೋಳ, ಹತ್ತಿ, ಶೇಂಗಾ. ಆದರೆ ಗಂಗಾವತಿ, ಸಿಂಧನೂರು ಸೀಮೆಯ ಎರೆ ಹೊಲಗಳಲ್ಲಿ ಬಹಳಷ್ಟು ಭತ್ತದ ಗದ್ದೆಗಳಾದವು. ತಡೆಯಬೇಕಾದ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡರು, ಓಟು ಕೇಳುವವರು ಬಾಯಿ ಮುಚ್ಚಿಕೊಂಡರು. ಎರೆ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ತಿಂಗಳುಗಟ್ಟಲೆ ನಿಂತರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಮೇಲಿನವನ ಗದ್ದೆಯ ಬಸಿನೀರು ತಗ್ಗಿನವನ ಹೊಲಕ್ಕೆ ಇಳಿಯುತ್ತದೆ. ಭತ್ತದ ದುಡ್ಡು ಮೇಲಿನವನಿಗೆ, ಸವಳು ಕೆಳಗಿನವನಿಗೆ. ಕೊನೇ ಭಾಗದ ಮಾನ್ವಿ, ರಾಯಚೂರಿನ ರೈತನಿಗಂತೂ ಕಾಲುವೆಯ ನೀರೇ ಸರಿಯಾಗಿ ತಲುಪುವುದಿಲ್ಲ.

ನೀರಿನ ಕರವನ್ನು ಬೆಳೆ ಮತ್ತು ಎಕರೆ ನೋಡಿ ಹಾಕುತ್ತಾರೆ. ಎಷ್ಟು ನೀರು ಹರಿಸಿದೆ, ಎಷ್ಟು ಹೊರಗೆ ಬಿಟ್ಟೆ, ಅದು ಯಾರ ಹೊಲ ಕೆಡಿಸಿತು ಎಂದು ಕೇಳುವ ಕಾಲಂ ಯಾವ ವಹಿಯಲ್ಲೂ ಇಲ್ಲ. ಉಳಿಸುವವನಿಗೆ ಒಂದು ಪೈಸೆ ಲಾಭವಿಲ್ಲ, ಕಾಯ್ದೆಯಲ್ಲಿ ಏನೇ ಇರಲಿ, ಪೋಲು ಮಾಡುವವನು ದಂಡ ತೆತ್ತದ್ದು ಕಾಣುವುದಿಲ್ಲ. ಇದು ಅರ್ಥಶಾಸ್ತ್ರವಲ್ಲ, ದರೋಡೆ.

ಮದ್ದು ಇಲ್ಲವೇ? ಇದೆ. ನೆಲದೊಳಗೆ ತೂತಿನ ಪೈಪು ಹೂಳಿ ಉಪ್ಪುನೀರನ್ನು ಹೊರಹಾಕಿದರೆ ಸತ್ತ ಹೊಲ ಮತ್ತೆ ಬೆಳೆ ಕೊಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಆದರೆ ಎರಡೆಕರೆಯ ರೈತ ಒಬ್ಬನೇ ಏನು ಮಾಡಿಯಾನು? ಅವನ ಪೈಪಿನ ನೀರು ಪಕ್ಕದವನ ಹೊಲ ದಾಟಬೇಕು, ಆಮೇಲೆ ಹಳ್ಳ ಸೇರಬೇಕು. ಆ ಹಳ್ಳದಲ್ಲಿ ಹೂಳು ತುಂಬಿದೆ, ಆಪು ಹುಲ್ಲು ಬೆಳೆದಿದೆ, ದಂಡೆ ಒತ್ತುವರಿಯಾಗಿದೆ. ಊರು ಒಟ್ಟಾಗಿ, ಸರ್ಕಾರದ ದುಡ್ಡಿನಲ್ಲಿ ಆಗಬೇಕಾದ ಕೆಲಸವನ್ನು ಒಂಟಿ ರೈತನ ತಲೆಗೆ ಕಟ್ಟಿದ್ದಾರೆ. ಕಾಲುವೆಗೆ ಕೋಟಿ ಸುರಿದವರಿಗೆ ಬಸಿಗಾಲುವೆ ಎಂದರೆ ಅಸಡ್ಡೆ. ಅದರ ಉದ್ಘಾಟನೆಗೆ ಯಾವ ಮಂತ್ರಿಯೂ ಬರುವುದಿಲ್ಲವಲ್ಲ.

ಅಚ್ಚುಕಟ್ಟಿನ ರೈತರೇ, ನೀರಾವರಿ ಸಲಹಾ ಸಮಿತಿಯ ಸಭೆ ನಡೆದಾಗ ನೀರು ಎಂದು ಬಿಡುತ್ತೀರಿ ಎಂದಷ್ಟೇ ಕೇಳಬೇಡಿ. ಹಳ್ಳದ ಹೂಳು ಎಂದು ತೆಗೆಸುತ್ತೀರಿ, ಬಸಿಗಾಲುವೆಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಸಭೆ ಮುಗಿಯಲು ಬಿಡಬೇಡಿ.