ಮಾಸಿದ ಬಣ್ಣ ಮರಳುವುದೇ?

ಬೀದರ್, ಭಾಲ್ಕಿ, ಔರಾದ್‌ಗಳ ಎಷ್ಟೋ ಮನೆಗಳಲ್ಲಿ ಹಳೆಯ ಮದುವೆಯ ಆಲ್ಬಂಗಳಿವೆ. 1970–80ರ ದಶಕದ ಬಣ್ಣದ ಫೋಟೊ ಆದರೆ ಹಸಿರು ಸೀರೆ ಕಂದಾಗಿ, ಮುಖಗಳೆಲ್ಲ ಕೆಂಪಾಗಿ ಕಾಣುವುದುಂಟು. ಅಂದಿನ ಬಣ್ಣದ ಸಿನಿಮಾ ರೀಲುಗಳ ಗತಿಯೂ ಇದೇ. ಕಾರಣವೇನು?

ಬಣ್ಣದ ಫಿಲ್ಮಿನಲ್ಲಿ ಮುಖ್ಯವಾಗಿ ಮೂರು ಬಣ್ಣಗಳ ಪದರಗಳಿರುತ್ತವೆ: ಹಳದಿ, ನೇರಳೆಗೆಂಪು, ಹಸಿರುನೀಲಿ. ಸೆಕೆ, ತೇವ ತಾಗಿದಾಗ ಇವು ಒಂದೇ ಸಮನೆ ಮಾಸುವುದಿಲ್ಲ. ಆ ಕಾಲದ ಬಹಳಷ್ಟು ಫಿಲ್ಮುಗಳಲ್ಲಿ, ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ಹಸಿರುನೀಲಿ ಬೇಗ ಅಳಿಯುತ್ತದೆ, ಕೆಂಪು ಉಳಿಯುತ್ತದೆ. ನಮ್ಮ ಬಿದರಿ ಕಲೆಯನ್ನೇ ನೋಡಿ. ಕೋಟೆಯ ಮಣ್ಣು, ನವಸಾಗರದ ಲೇಪವು ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಹಾಗೆಯೇ ಬಿಡುತ್ತದೆ. ಲೇಪ ಒಂದೇ, ಫಲ ಎರಡು. ಫಿಲ್ಮಿನಲ್ಲೂ ಹಾಗೆಯೇ.

ಇದರ ದುರಸ್ತಿ ಕೈಯಿಂದಲೇ ಆರಂಭ. ಹರಿದ ಅಂಚನ್ನು ಅಂಟಿಸಿ, ಧೂಳು ತೆಗೆದು, ಒಂದೊಂದೇ ಚಿತ್ರವನ್ನು ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚಿತ್ರಗಳಂತೆ ಎರಡು ಗಂಟೆಯ ಸಿನಿಮಾಕ್ಕೆ 1,72,800 ಚಿತ್ರಗಳು! ಕಂಪ್ಯೂಟರಿನಲ್ಲಿ ಪ್ರತಿ ಚುಕ್ಕೆಯ ಬಣ್ಣವೂ ಅಂಕಿಗಳಾಗುತ್ತದೆ. ಕುಗ್ಗಿದ ಬಣ್ಣದ ಅಂಕಿಯನ್ನು ಏರಿಸಿದರೆ ಬಣ್ಣ ಮರಳುತ್ತದೆ. ಒಂದು ಚಿತ್ರದಲ್ಲಿ ಗೀರಿದ್ದರೆ, ಹಿಂದುಮುಂದಿನ ಚಿತ್ರಗಳಿಂದ ಆ ಭಾಗವನ್ನು ತುಂಬುತ್ತಾರೆ.

ಗಿರೀಶ ಕಾರ್ನಾಡರು ನಟಿಸಿದ, ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976) ಹೀಗೆಯೇ ಹೊಸ ಜೀವ ಪಡೆಯಿತು. ಗುಜರಾತಿನ 5 ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟು ಮಾಡಿಸಿದ ಚಿತ್ರವದು. ಸರಕಾರದ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ದುರಸ್ತಿ ಮಾಡಿಸಿತು. ಛಾಯಾಗ್ರಾಹಕ ಗೋವಿಂದ ನಿಹಲಾನಿ ಅವರೂ ಕೈಜೋಡಿಸಿದರು. 2024ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

‘ಕಸ್ತೂರಿ ನಿವಾಸ’ದ ಮಾತು ಬೇರೆ. 1971ರ ಆ ಕಪ್ಪುಬಿಳುಪು ಚಿತ್ರಕ್ಕೆ 2014ರಲ್ಲಿ ಹೊಸದಾಗಿ ಬಣ್ಣ ತುಂಬಲಾಯಿತು. ಅದು ಬಣ್ಣ ಹಚ್ಚುವುದು. ಇದು ಇದ್ದ ಬಣ್ಣವನ್ನು ಮರಳಿ ತರುವುದು. ಪೂರ್ತಿ ಅಳಿದ ಬಣ್ಣವನ್ನು ಕಂಪ್ಯೂಟರ್ ಊಹಿಸೀತೇ ಹೊರತು ಮರಳಿಸಲಾರದು.

ಆದ್ದರಿಂದ ಪಾಲಕರು ಮನೆಯ ಫೋಟೊ, ನೆಗೆಟಿವ್‌ಗಳನ್ನು ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ ಇಡಬಾರದು. ತಂಪಾದ, ಒಣಗಿದ ಜಾಗ ಒಳ್ಳೆಯದು. ವಿನೆಗರ್‌ನಂತೆ ಹುಳಿ ವಾಸನೆ ಬರುವ ನೆಗೆಟಿವ್ ಕೊಳೆಯಲಾರಂಭಿಸಿದೆ ಎಂದರ್ಥ. ಅದನ್ನು ಬೇರೆ ಇಟ್ಟು, ತಡಮಾಡದೆ ಸ್ಕ್ಯಾನ್ ಮಾಡಿಸಿ. ಮಕ್ಕಳು ಅಜ್ಜಿಯನ್ನು ಕೂರಿಸಿಕೊಂಡು, ಸೀರೆಯ ನಿಜವಾದ ಬಣ್ಣ ಯಾವುದೆಂದು ಕೇಳಿ ಬರೆದಿಡಲಿ. ಮುಂದೆ ಬಣ್ಣ ಸರಿಪಡಿಸುವವರಿಗೆ ಆ ಒಂದು ಸಾಲು ದಾರಿ ತೋರೀತು. ಸ್ಕ್ಯಾನ್ ಆಯಿತೆಂದು ಮೂಲವನ್ನು ಮಾತ್ರ ಎಸೆಯಬೇಡಿ.